ಗಾಡಿ ಅಡ್ಡಗಟ್ಟಿದ್ದು ವಂತಿಗೆಗಲ್ಲ

ಕೊಲಂಬೊಗೆ ಬಂದ ಮೊದಲ ವರ್ಷ. ಮೇ ತಿಂಗಳ ಹುಣ್ಣಿಮೆ, ಇಲ್ಲಿಯವರ ವೆಸಕ್ ಹಬ್ಬ. ರಾತ್ರಿ ಸ್ಕೂಟರಲ್ಲಿ ಮನೆಗೆ ಹೋಗುವಾಗ ನಾಲ್ಕೈದು ಹುಡುಗರು ಬಾವುಟ ಬೀಸುತ್ತಾ ರಸ್ತೆಗೆ ಅಡ್ಡ ಬಂದರು. ನನ್ನ ಕೈ ತಾನಾಗಿಯೇ ಜೇಬಿಗೆ ಹೋಯಿತು. ನೂರರ ನೋಟು ತೆಗೆದು ಚಾಚಿದೆ. ಒಬ್ಬ ಹುಡುಗ ಎರಡೂ ಕೈ ಆಡಿಸಿ ಬೇಡ ಬೇಡ ಅಂದ. ‘ಕಾಲಾ ಯನ್ನ’ ಅಂದ. ಉಂಡು ಹೋಗಿ ಅಂತ. ಆ ನೋಟನ್ನು ವಾಪಸ್ ಜೇಬಿಗೆ ಇಟ್ಟುಕೊಳ್ಳುವಾಗ ಆದ ನಾಚಿಕೆ ಇವತ್ತಿಗೂ ಹೋಗಿಲ್ಲ.

ನಮ್ಮ ಮಂಗಳೂರು ಕಡೆ ಹಬ್ಬದ ಹೊತ್ತಿಗೆ ಗಾಡಿ ನಿಲ್ಲಿಸುವ ಹುಡುಗರ ಕೈಯಲ್ಲಿ ರಶೀದಿ ಪುಸ್ತಕ ಇರುತ್ತದೆ. ಇಲ್ಲಿ ಅನ್ನದ ಸೌಟು.

ಇದಕ್ಕೆ ದನ್ಸಲ ಅನ್ನುತ್ತಾರೆ. ಬಾಯಿಬಿಟ್ಟು ಹೇಳಿ ನೋಡಿ, ನಮ್ಮ ದಾನಶಾಲೆಯೇ ಅಲ್ವಾ? ಬೀದಿಯವರು ಸೇರಿ ದುಡ್ಡು ಹಾಕಿ, ಆರೋಗ್ಯ ಇಲಾಖೆಯಲ್ಲಿ ನೋಂದಣಿ ಮಾಡಿಸಿ, ರಸ್ತೆ ಬದಿಗೆ ಚಪ್ಪರ ಹಾಕುತ್ತಾರೆ. ಕೆಲವು ಕಡೆ ಬೇಯಿಸಿದ ಕಡಲೆ, ಕೆಲವು ಕಡೆ ಐಸ್‌ಕ್ರೀಮು. ನನಗೆ ಆವತ್ತು ಸಿಕ್ಕಿದ್ದು ಅನ್ನ, ಬೇಳೆ, ಗುಜ್ಜೆ (ಎಳೆ ಹಲಸು) ಪಲ್ಯ. ತೆಂಗಿನ ಹಾಲು ಹಾಕಿದ ಗುಜ್ಜೆ, ಬಾಯಿಗಿಟ್ಟರೆ ಅಮ್ಮನ ಅಡುಗೆಮನೆ. ನೀನು ಯಾರು, ಯಾವ ಊರು ಅಂತ ಯಾರೂ ಕೇಳಲಿಲ್ಲ. ಇನ್ನೊಂದು ಸೌಟು ಹಾಕಲಾ ಅಂತ ಮಾತ್ರ ಕೇಳಿದರು.

ಬುದ್ಧ ಹುಟ್ಟಿದ್ದು, ಜ್ಞಾನ ಪಡೆದದ್ದು, ತೀರಿಕೊಂಡದ್ದು ಎಲ್ಲವೂ ಇದೇ ಹುಣ್ಣಿಮೆಯಲ್ಲಿ ಅನ್ನುವುದು ಇವರ ನಂಬಿಕೆ. ಎರಡು ದಿನ ರಜೆ. ಹೆಂಡದಂಗಡಿ, ಮಾಂಸದಂಗಡಿ ಬಂದ್. ಪಟಾಕಿ ಸದ್ದೇ ಇಲ್ಲ. ಬಿಳಿ ಬಟ್ಟೆ ಹಾಕಿಕೊಂಡು ಮಕ್ಕಳು, ಅಜ್ಜಿಯಂದಿರು ಸಮೇತ ಮನೆಮಂದಿಯೆಲ್ಲ ರಸ್ತೆಗಿಳಿದು, ಮಧ್ಯರಾತ್ರಿ ದಾಟಿದರೂ ಸುಮ್ನೆ ದೀಪ ನೋಡುತ್ತಾ ನಡೆಯುತ್ತಾರೆ. ಬೇರೆ ಕೆಲಸವೇ ಇಲ್ಲ, ದೀಪ ನೋಡುವುದು.

ದೀಪ ಅಂದರೆ ವೆಸಕ್ ಕೂಡು. ಸಿಂಹಳದಲ್ಲಿ ಕೂಡು ಅಂದರೂ ಗೂಡೇ. ನಮ್ಮ ಗೂಡುದೀಪ! ಪಕ್ಕದ ಮನೆಯವರು ವಾರದ ಮೊದಲೇ ಬಿದಿರು ಸೀಳಿ, ಕಡ್ಡಿ ಕಟ್ಟಿ, ಎಂಟು ಮೂಲೆಯ ಗೂಡು ಎಬ್ಬಿಸಿದ್ದರು. ಮಗಳು ತೆಳು ಕಾಗದಕ್ಕೆ ಬೆರಳಲ್ಲೇ ಅಂಟು ಸವರುತ್ತಿದ್ದಳು. ಕಾಗದ ಹರಿಯಿತು, ಅತ್ತಳು, ಅಪ್ಪ ಇನ್ನೊಂದು ಹಾಳೆ ಕೊಟ್ಟ. ಕೊನೆಗೆ ಅದನ್ನು ತೂಗು ಹಾಕಿದ್ದು ಗೇಟಿನ ಹೊರಗೆ, ದಾರಿಯಲ್ಲಿ ಹೋಗುವವರಿಗೆ ಕಾಣುವ ಹಾಗೆ. ನಾವೋ, ಅಂಗಡಿಯಿಂದ ಪ್ಲಾಸ್ಟಿಕ್ ಗೂಡು ತಂದು ಸಿಕ್ಕಿಸಿ, ಗೇಟು ಹಾಕಿಕೊಂಡು ನಮ್ಮ ಪಟಾಕಿ ನಾವು ಹೊಡೆಯುತ್ತೇವೆ. ಬೀದಿಯ ಕಡೆ ಮುಖ ಮಾಡಿದ್ದ ಹಬ್ಬವನ್ನು ಕಂಪೌಂಡಿನ ಒಳಗೆ ಎಳೆದುಕೊಂಡದ್ದು ನಾವೇ.

ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ಅಕ್ಕನಿಗೆ ಸಿಟ್ಟು ಬಂತು. ರಾಮನವಮಿಗೆ ಪಾನಕ ಕೊಡುವವರು ಯಾರು, ಧರ್ಮಸ್ಥಳದಲ್ಲಿ ದಿನಾ ಊಟ ಹಾಕುವುದಿಲ್ವಾ, ಕುದ್ರೋಳಿಯ ಗೂಡುದೀಪ ಸ್ಪರ್ಧೆಗೆ ಬಂದು ನೋಡು ಅಂದಳು. ಹೌದು, ಅದೂ ನಿಜ. ಇಲ್ಲೂ ಮರುದಿನ ಬೆಳಗ್ಗೆ ರಸ್ತೆ ತುಂಬ ಪೇಪರ್ ತಟ್ಟೆ ಬಿದ್ದಿರುತ್ತದೆ. ತೋರಣ ಅಂತ ನಿಲ್ಲಿಸುವ, ಬುದ್ಧನ ಹಿಂದಿನ ಜನ್ಮಗಳ ಜಾತಕ ಕತೆಗಳ ದೊಡ್ಡ ದೀಪದ ಚೌಕಟ್ಟುಗಳ ಮುಂದೆ ಮೈಕಿನ ಗದ್ದಲವೂ ಜಾಸ್ತಿ.

ಈ ದೀಪಾವಳಿಗೆ ಊರಿಗೆ ಹೋಗುತ್ತೇನೆ. ಬಿದಿರು ಕಡಿಸಿಡು ಅಂತ ಅಕ್ಕನಿಗೆ ಹೇಳಿದ್ದೇನೆ. ಗೂಡು ಗೇಟಿನ ಹೊರಗೇ ತೂಗಬೇಕು.