ಮೇಪಲ್ ರಸದ ಕೊಳವೆಗಳ ಜೋಡಣೆ: ಹರಿದಾಡುತ್ತಿರುವ ಸಂದೇಶದ ಬಗ್ಗೆ ಸ್ಪಷ್ಟನೆ

ಸಿಹಿ ಪಾಕ (ಸಿರಪ್) ತಯಾರಿಸಲು ಮೇಪಲ್ ಮರದ ರಸ ಸಂಗ್ರಹಿಸುವ ಪ್ಲಾಸ್ಟಿಕ್ ಕೊಳವೆಗಳ ಜೋಡಣೆಯಿಂದ ಹನಿ ಬೀಳದಿದ್ದರೆ ಅಲ್ಲಿ ಸೋರಿಕೆಯೇ ಇಲ್ಲ, ತುದಿಯನ್ನು ಲೈಟರಿನಿಂದ ಕಾಯಿಸಿ ತುರುಕಿದರೆ ಬಿಗಿಯಾಗುತ್ತದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಎರಡೂ ಮಾತು ಸರಿಯಲ್ಲ.

ಅಮೆರಿಕದ ವರ್ಮಾಂಟ್, ಕೆನಡಾದ ಕ್ವಿಬೆಕ್‌ಗಳ ಮೇಪಲ್ ತೋಪುಗಳಲ್ಲಿ ನಿರ್ವಾತ ಪಂಪು (ಗಾಳಿ ಹೀರಿ ತೆಗೆಯುವ ಪಂಪು) ಅಳವಡಿಸಿದ ಕೊಳವೆಗಳೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆಯಿರುವುದರಿಂದ, ಸಡಿಲ ಜೋಡಣೆಯಲ್ಲಿ ರಸ ಹೊರಬರುವ ಬದಲು ಗಾಳಿಯೇ ಒಳನುಗ್ಗುತ್ತದೆ. ಮರದಿಂದಲೂ ಒಂದಿಷ್ಟು ಗುಳ್ಳೆ ಬರುವುದು ಸಹಜ; ಆದರೆ ಗುಳ್ಳೆಗಳು ಬಿಡುವಿಲ್ಲದೆ ರಭಸದಿಂದ ಓಡುತ್ತಿದ್ದರೆ, ಹತ್ತಿರ ಕಿವಿಗೊಟ್ಟಾಗ ಸುಯ್ಯೆಂಬ ಸದ್ದು ಕೇಳಿದರೆ ಅದು ಸೋರಿಕೆಯೇ. ಸೋರಿಕೆಯಿಂದ ನಿರ್ವಾತ, ಅಂದರೆ ಕೊಳವೆಯೊಳಗಿನ ಹೀರುವ ಬಲ, ಕುಗ್ಗುವುದರಿಂದ ಇದನ್ನು ಕಡೆಗಣಿಸುವಂತಿಲ್ಲ: ನಿರ್ವಾತ ಪಾದರಸದ ಒಂದು ಇಂಚಿನಷ್ಟು (ಇದು ಒತ್ತಡ ಅಳೆಯುವ ಮಾನ) ಹೆಚ್ಚಿದರೆ ರಸ ಸುಮಾರು ಶೇ. 5ರಿಂದ 7ರಷ್ಟು ಹೆಚ್ಚುತ್ತದೆ ಎಂದು ವರ್ಮಾಂಟ್ ವಿಶ್ವವಿದ್ಯಾಲಯದ ಪ್ರಾಕ್ಟರ್ ಮೇಪಲ್ ಸಂಶೋಧನಾ ಕೇಂದ್ರದ ಅಧ್ಯಯನಗಳು ತೋರಿಸಿವೆ.

ಬೆಂಕಿ ತಾಗಿದ ತುದಿ ಆಕಾರಗೆಟ್ಟು ಹಿಡಿತ ಕಳೆದುಕೊಳ್ಳುತ್ತದೆ. 5/16 ಇಂಚಿನ ಕೊಳವೆಯನ್ನು ಓರೆಯಾಗದಂತೆ ಕತ್ತರಿಸಿ, ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ಮೆದುವಾಗಿಸಿ, ಫಿಟ್ಟಿಂಗಿನ (ಕೊಳವೆಗಳನ್ನು ಜೋಡಿಸುವ ತುಂಡಿನ) ಏಣುಗಳೆಲ್ಲ ಮುಚ್ಚುವವರೆಗೂ ಅದಕ್ಕೆಂದೇ ಇರುವ ಇಕ್ಕಳದಿಂದ ನೇರವಾಗಿ ಒತ್ತಬೇಕು. ಅಂಟು ಬೇಡವೇ ಬೇಡ. ಇದು ಆಹಾರ ಹರಿಯುವ ಕೊಳವೆ.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ತಲುಪಿಸಿ.