ಬಾರ್ಡರ್ ಬೇರೆ, ಬೌಂಡರಿ ಬೇರೆ

ಸೀರೆಗೆ ಬಾರ್ಡರ್ ಇರುತ್ತದೆ, ಬೌಂಡರಿ ಇರುವುದಿಲ್ಲ. ಕ್ರಿಕೆಟಿನಲ್ಲಿ ಚೆಂಡು ನೆಲ ಮುಟ್ಟಿ ಬೌಂಡರಿ ದಾಟಿದರೆ 4 ರನ್. ಬಾರ್ಡರ್ ದಾಟಿತು ಎಂದು ಯಾವ ಕಾಮೆಂಟರಿಯಲ್ಲೂ ಕೇಳಿಲ್ಲ. ನಾವಾದರೋ ಎರಡಕ್ಕೂ ಸುಮ್ನೆ ಗಡಿ ಎಂದು ಹೇಳಿ ಮುಗಿಸುತ್ತೇವೆ.

ಬೌಂಡರಿ ಅಂದರೆ ಇಲ್ಲಿಗೆ ಮುಗಿಯಿತು ಎಂಬ ಗೆರೆ. ಅದಕ್ಕೆ ಅಗಲವಿಲ್ಲ. ಅಡಿಕೆ ತೋಟದ ಸರ್ವೆ ಕಲ್ಲು ಒಂದು ಗೇಣು ಆಚೀಚೆ ಆದರೆ ಸಾಕು, ಅಣ್ಣ ತಮ್ಮಂದಿರು ವಕೀಲರ ಮನೆಗೆ ಹೊರಡುತ್ತಾರೆ. ಬಾರ್ಡರಿಗೆ ಅಗಲ ಉಂಟು. ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಈ ಪದದ ಮೂಲ ಅರ್ಥವೇ ಅಂಚು. ನಮ್ಮ ಕೈಮಗ್ಗದ ಕಾಸರಗೋಡು ಸೀರೆಯ ಅಂಚು ಸೀರೆಯ ಒಳಗೇ ಇರುವುದಲ್ವಾ?

ಈಗಿನ ಮಕ್ಕಳು ಸಂಬಂಧಗಳಲ್ಲೂ ಬೌಂಡರಿ ಇರಬೇಕು ಎನ್ನುತ್ತಾರೆ. ಇರಲಿ. ಊಟದ ಹೊತ್ತಿಗೆ ಹೇಳದೆ ಬರುವ ನೆಂಟರಿಗೆ ಅದನ್ನು ತಿಳಿಸುವವರು ಯಾರು?

1956ರ ನವೆಂಬರ್ 1ರಂದು ಮಂಗಳೂರು-ಕಾಸರಗೋಡು ದಾರಿಯ ತಲಪಾಡಿಯಲ್ಲಿ ಬಿದ್ದದ್ದು ಬೌಂಡರಿ. ಆಚೆ ಮೈಸೂರು ರಾಜ್ಯ, ಈಚೆ ಕೇರಳ. ರಾಜ್ಯಗಳ ಗಡಿ ಜಗಳ ಬಗೆಹರಿಸಲು ಮುಂದೆ ಬಂದ ಮಹಾಜನ್ ಆಯೋಗದ ಇಂಗ್ಲಿಷ್ ಹೆಸರಿನಲ್ಲೂ ಇದ್ದದ್ದು ಬೌಂಡರಿಯೇ. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಮೈಸೂರಿಗೆ ಸೇರಲಿ ಎಂದು 1967ರಲ್ಲಿ ಅದು ವರದಿ ಕೊಟ್ಟಿತು. ಗೆರೆ ಮಾತ್ರ ಜರುಗಲಿಲ್ಲ. ಆದರೆ ತಲಪಾಡಿಯಿಂದ ಚಂದ್ರಗಿರಿಯವರೆಗೆ 30 ಕಿಲೋಮೀಟರಿಗೂ ಜಾಸ್ತಿ ದಾರಿ. ಅಷ್ಟುದ್ದಕ್ಕೂ ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ ಎಲ್ಲವೂ ಒಂದೇ ಮೀನು ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡುತ್ತವೆ. ನನ್ನ ಪ್ರಕಾರ ಬಾರ್ಡರ್ ಅಂದರೆ ಇದು.

2020ರ ಮಾರ್ಚಿನಲ್ಲಿ, ಕೊರೊನಾ ಹೊತ್ತಿಗೆ, ರಸ್ತೆಗೆ ಮಣ್ಣು ಸುರಿದು ಕರ್ನಾಟಕಕ್ಕೆ ಹೋಗುವ ದಾರಿ ಮುಚ್ಚಿದರಲ್ಲ, ಆಗ ಎರಡರ ವ್ಯತ್ಯಾಸ ಎಲ್ಲರಿಗೂ ಗೊತ್ತಾಯಿತು. ಮಣ್ಣು ಬಿದ್ದದ್ದು ಗೆರೆಯ ಮೇಲೆ. ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಒದ್ದಾಡಿದ್ದು ಇಡೀ ಅಂಚು.

ಮಂಗಳೂರಿನಲ್ಲಿ ನಮ್ಮನ್ನು 'ನೀವು ಬಾರ್ಡರಿನವರಾ?' ಎಂದು ಕೇಳುತ್ತಾರೆ. ಬೌಂಡರಿಯವರಾ ಎಂದು ಕೇಳಿದವರಿಲ್ಲ. ಇಂಗ್ಲಿಷ್ ಸರಿಯಾಗಿಯೇ ಬಳಸುತ್ತಾರೆ, ಪಾಪ. ಅಲ್ಲಿಂದ ಕಾಸರಗೋಡಿಗೆ ಎರಡೂ ರಾಜ್ಯಗಳ ಬಸ್ಸು ಓಡುತ್ತವೆ. ಎರಡರ ಹೆಸರೂ ಕೆಎಸ್‌ಆರ್‌ಟಿಸಿ. ಆ ಹೆಸರಿಗಾಗಿ ಎರಡು ಸರ್ಕಾರಗಳ ನಡುವೆ ಜಗಳವೂ ಆಗಿದೆ. ಬಸ್ ಸ್ಟ್ಯಾಂಡಿನಲ್ಲಿ ಯಾವ ರಾಜ್ಯದ್ದೆಂದು ನೋಡಿ ಹತ್ತುವವರು ಕಡಿಮೆ. ಸೀಟು ಉಂಟಾ ಎಂದು ಇಣುಕುವವರೇ ಜಾಸ್ತಿ.