ಒಂದು ಮತದ ಬೆಲೆ: ಡಬ್ಲಿನ್ ಸೆಂಟ್ರಲ್‌ನ 1982ರ ಒಪ್ಪಂದ ಸರಿಯಿತ್ತೇ?

1982ರ ಫೆಬ್ರವರಿಯ ಚುನಾವಣೆಯಲ್ಲಿ ಐರ್ಲೆಂಡಿನ ಕೆಳಮನೆಯಾದ ಡಾಲ್ ಅತಂತ್ರವಾಯಿತು. 166 ಸ್ಥಾನಗಳಲ್ಲಿ ಚಾರ್ಲ್ಸ್ ಹಾಹಿಯವರ ಫಿಯಾನ ಫಾಲ್ 81 ಗೆದ್ದಿತ್ತು, ಗ್ಯಾರೆಟ್ ಫಿಟ್ಜ್‌ಜೆರಾಲ್ಡರ ಫಿನೆ ಗೇಲ್ 63. ಡಬ್ಲಿನ್ ಸೆಂಟ್ರಲ್ ಕ್ಷೇತ್ರದಿಂದ ಆಗಷ್ಟೇ ಗೆದ್ದು ಬಂದಿದ್ದ ಪಕ್ಷೇತರ ಸದಸ್ಯ, ವೃತ್ತಿಯಿಂದ ಶಿಕ್ಷಕರಾದ ಟೋನಿ ಗ್ರೆಗರಿಯವರನ್ನು ಇಬ್ಬರು ನಾಯಕರೂ ಕಂಡು ಮಾತನಾಡಿದರು. ಗ್ರೆಗರಿ ತಮ್ಮ ಬೇಡಿಕೆಗಳನ್ನು ಬರೆಸಿ, ಸಹಿ ಹಾಕಿಸಿಕೊಂಡು ಹಾಹಿಯವರಿಗೆ ಬೆಂಬಲ ಕೊಟ್ಟರು. ಇದಕ್ಕೆ ‘ಗ್ರೆಗರಿ ಒಪ್ಪಂದ’ ಎಂಬ ಹೆಸರು ಬಂತು. ಸರ್ಕಾರದ ಅಳಿವು ಉಳಿವು ಕೆಲವೇ ಮತಗಳ ಮೇಲೆ ನಿಂತಾಗ ಪಕ್ಷೇತರನೊಬ್ಬ ತನ್ನ ಕ್ಷೇತ್ರಕ್ಕಾಗಿ ಹೀಗೆ ಚೌಕಾಶಿ ಮಾಡಬಹುದೇ?

ಪರ

ಮೊದಲು ಆ ಕ್ಷೇತ್ರ ಹೇಗಿತ್ತು ಎಂದು ನೋಡಬೇಕು. ಲಿಫಿ ನದಿಯ ಉತ್ತರಕ್ಕೆ, ಸಮ್ಮರ್‌ಹಿಲ್ ಮತ್ತು ಶಾನ್ ಮ್ಯಾಕ್‌ಡರ್ಮಟ್ ಬೀದಿಯ ಸುತ್ತ ವಾಸವಿದ್ದವರಲ್ಲಿ ಬಂದರಿನ ಹಮಾಲಿಗಳ ಮನೆತನಗಳು ಬಹಳ. ಹಡಗಿನ ಸರಕು ಕಂಟೇನರ್‌ಗಳಲ್ಲಿ ಬರತೊಡಗಿದ ಮೇಲೆ ಹಮಾಲಿಗಳು ಬೇಡವಾದರು. ಅಪ್ಪ ಮಾಡುತ್ತಿದ್ದ ಕೆಲಸ ಮಗನಿಗೆ ಸಿಗಲಿಲ್ಲ. ಆ ಹೊತ್ತಿಗೇ ಹೆರಾಯಿನ್ ಓಣಿಓಣಿಗೂ ಇಳಿಯಿತು. ಇದೆಲ್ಲ ನಡೆದದ್ದು ರಾಜಧಾನಿಯ ನಟ್ಟನಡುವೆ, ದೇಶದ ಮುಖ್ಯ ಅಂಚೆ ಕಚೇರಿಯಿಂದ ನಡೆದು ಹೋಗುವಷ್ಟು ದೂರದಲ್ಲಿ.

ಆಗ ಈ ಕ್ಷೇತ್ರಕ್ಕೆ ಐವರು ಸದಸ್ಯರು. 1982ರ ಫೆಬ್ರವರಿಯಲ್ಲಿ ಗ್ರೆಗರಿಯ ಜೊತೆ ಗೆದ್ದ ನಾಲ್ವರನ್ನು ನೋಡಿ. ಮೈಕೆಲ್ ಒಲೀರಿ ಲೇಬರ್ ಪಕ್ಷದ ನಾಯಕರು, ಆಗಿನ ಉಪಪ್ರಧಾನಿ. ಜಾರ್ಜ್ ಕಾಲಿ ಅದಕ್ಕೂ ಮುಂಚಿನ ಉಪಪ್ರಧಾನಿ, ಹಣಕಾಸು ಖಾತೆಯನ್ನೂ ನೋಡಿಕೊಂಡಿದ್ದವರು. ಫಿನೆ ಗೇಲ್‌ನ ಮೈಕೆಲ್ ಕೀಟಿಂಗ್ ಕಿರಿಯ ಸಚಿವರಾಗಿದ್ದವರು. ನಾಲ್ಕನೆಯವರಾದ ಬರ್ಟಿ ಅಹರ್ನ್ ಮುಂದೆ 11 ವರ್ಷ ಪ್ರಧಾನಿಯಾಗಿ ಮೆರೆದರು. ಇಷ್ಟೊಂದು ಅಧಿಕಾರ ಒಂದೇ ಕ್ಷೇತ್ರದ ಹೆಸರಿನಲ್ಲಿ ಕುಳಿತಿದ್ದರೂ ಸಮ್ಮರ್‌ಹಿಲ್‌ನ ಬದುಕು ಅಲ್ಲಾಡಲಿಲ್ಲ. ‘ಸರಿಯಾದ ದಾರಿಯಲ್ಲಿ ಕೇಳಬೇಕಿತ್ತು’ ಎನ್ನುವವರು ಆ ದಾರಿ ಯಾವುದೆಂದು ತೋರಿಸಲಿ. ಎಲ್ಲ ದಾರಿಗಳಲ್ಲೂ ಮಂತ್ರಿಗಳು ಕುಳಿತಿದ್ದರು.

ಇನ್ನು ‘ಸ್ವಾರ್ಥಿ ಚೌಕಾಶಿ’ ಎಂಬ ದೂರು. ಒಪ್ಪಂದದಲ್ಲಿ ಗ್ರೆಗರಿಯ ಕ್ಷೇತ್ರಕ್ಕೆ 440 ಮನೆಗಳಿದ್ದವು, ಡಬ್ಲಿನ್ನಿನ ಉಳಿದ ಭಾಗಕ್ಕೆ 1,600. ನಗರದ ಒಳಭಾಗದಲ್ಲಿ 500 ಜನರಿಗೆ ಕೂಡಲೇ ಕೆಲಸ ಕೊಡಲು 40 ಲಕ್ಷ ಪೌಂಡ್ ಇತ್ತು. ಕ್ಲಾಂಡಾಲ್ಕಿನ್ ಕಾಗದದ ಕಾರ್ಖಾನೆಯನ್ನು ಸರ್ಕಾರ ವಹಿಸಿಕೊಳ್ಳಬೇಕು ಎಂದಿತ್ತು. ಆ ಕಾರ್ಖಾನೆ ಇದ್ದದ್ದು ನಗರದ ಪಶ್ಚಿಮ ಅಂಚಿನಲ್ಲಿ. ಅಲ್ಲಿನ ಕಾರ್ಮಿಕರು ಗ್ರೆಗರಿಯ ಮತದಾರರೇ ಅಲ್ಲ! ತನಗೆಂದು ಅವರು ಮಂತ್ರಿ ಪದವಿ ಕೇಳಲಿಲ್ಲ. ಕೊರಳಿಗೆ ಟೈ ಕಟ್ಟದೆ ಡಾಲ್‌ಗೆ ಹೋಗಿ ಹಿರಿಯರ ಹುಬ್ಬೇರಿಸಿದ ಮನುಷ್ಯ ಕೊನೆಯವರೆಗೂ ಹಾಗೆಯೇ ಉಳಿದರು. ಬೀದಿ ವ್ಯಾಪಾರದ ಹೆಂಗಸರ ಪರ ನಿಂತದ್ದಕ್ಕೆ 1986ರಲ್ಲಿ ಮೌಂಟ್‌ಜಾಯ್ ಜೈಲಿಗೂ ಹೋಗಿ ಬಂದರು.

ಎಲ್ಲಕ್ಕಿಂತ ದೊಡ್ಡ ಮಾತು, ಒಪ್ಪಂದ ಗುಟ್ಟಾಗಿರಲಿಲ್ಲ. ಕಾರ್ಮಿಕ ಸಂಘದ ಮುಖಂಡ ಮಿಕಿ ಮಲೆನ್ ಸಾಕ್ಷಿಯಾಗಿ ಸಹಿ ಹಾಕಿದರು. ಗ್ರೆಗರಿ ಅದನ್ನು ಸದನದಲ್ಲೇ ಓದಿ ಕಡತಕ್ಕೆ ಸೇರಿಸಿದರು. ಮಂತ್ರಿಗಳು ತಮ್ಮೂರಿಗೆ ರಸ್ತೆ, ಕಾರ್ಖಾನೆ ಎಳೆದುಕೊಳ್ಳುವುದು ಎಲ್ಲ ದೇಶಗಳಲ್ಲೂ ನಡೆಯುತ್ತದೆ, ಯಾರೂ ಅದಕ್ಕೆ ಒಪ್ಪಂದ ಎನ್ನುವುದಿಲ್ಲ. ಬಡವರ ಪ್ರತಿನಿಧಿ ಹಗಲಿನಲ್ಲಿ ಕೇಳಿದ್ದಕ್ಕೆ ಮಾತ್ರ ‘ಸರ್ಕಾರದ ಕತ್ತು ಹಿಸುಕಿದ’ ಎಂಬ ಕೂಗು ಎದ್ದಿತು.

ವಿರೋಧ

ಗ್ರೆಗರಿಯವರ ಪ್ರಾಮಾಣಿಕತೆಯ ಬಗ್ಗೆ ನನ್ನ ತಕರಾರಿಲ್ಲ. ಪರವಾದಿಗಳು ಪ್ರತಿ ಸಲವೂ ಅವರ ವ್ಯಕ್ತಿತ್ವದ ಹಿಂದೆ ನಿಲ್ಲುವುದೇ ನನಗೆ ಅನುಮಾನ ಹುಟ್ಟಿಸುತ್ತದೆ. ಕೇಳಿದವನು ಒಳ್ಳೆಯವನು ಎಂದ ಮಾತ್ರಕ್ಕೆ ಕೇಳುವ ಪದ್ಧತಿ ಒಳ್ಳೆಯದಾಗುವುದಿಲ್ಲ.

ಅದೇ ಕಾಲಕ್ಕೆ ಡಬ್ಲಿನ್ನಿನ ಉತ್ತರ ಅಂಚಿನ ಬ್ಯಾಲಿಮನ್‌ನ ಎತ್ತರದ ಫ್ಲಾಟ್‌ಗಳಲ್ಲೂ ನಿರುದ್ಯೋಗವಿತ್ತು. ಲಿಮರಿಕ್ ಮತ್ತು ಕಾರ್ಕ್ ನಗರಗಳಲ್ಲೂ ಕೊಳೆಗೇರಿಯಂತಾದ ಬಡಾವಣೆಗಳಿದ್ದವು. ಅಲ್ಲಿನವರ ಸಂಕಟಕ್ಕೆ ಒಪ್ಪಂದದಲ್ಲಿ ತಮ್ಮದೇ ಒಂದು ಸಾಲು ಸಿಗದೇ ಹೋದದ್ದು ಏಕೆ? ಅವರ ಪರವಾಗಿ ಹೀಗೆ ಚೌಕಾಶಿಗೆ ಕುಳಿತವರಿರಲಿಲ್ಲ, ಅಷ್ಟೇ. 440 ಮತ್ತು 1,600 ಎಂಬ ಅಂಕಿಗಳನ್ನು ಹಾಕಿಸಿದ್ದು ಅಗತ್ಯದ ಅಳತೆಯಲ್ಲ, ಸದನದ ಕೂಡು-ಕಳೆ ಲೆಕ್ಕ.

ಆ ಲೆಕ್ಕವನ್ನೇ ಇನ್ನೊಮ್ಮೆ ಹಾಕಿ. ಮಾರ್ಚ್ 9ರಂದು ಹಾಹಿ 86–79ರಿಂದ ಪ್ರಧಾನಿಯಾದರು. ವರ್ಕರ್ಸ್ ಪಾರ್ಟಿಯ ಮೂವರೂ, ಡೊನೆಗಾಲ್‌ನ ಪಕ್ಷೇತರ ನೀಲ್ ಬ್ಲೇನಿಯೂ ಅವರ ಜೊತೆಗಿದ್ದರು. ಗ್ರೆಗರಿ ಎದುರು ಮತ ಹಾಕಿದ್ದರೂ 85–80 ಆಗುತ್ತಿತ್ತು. ಅಂದರೆ ದೇಶದ ಖಜಾನೆ ಬೆಲೆ ಕಟ್ಟಿದ್ದು ಕೊನೆಗೆ ಬೇಕೇ ಆಗದ ಮತಕ್ಕೆ. ಸಹಿ ಹಾಕುವಾಗ ಅದು ಯಾರಿಗೂ ಗೊತ್ತಿರಲಿಲ್ಲ ಎನ್ನಬಹುದು, ಒಪ್ಪುತ್ತೇನೆ. ಆದರೆ ಗಾಬರಿಯಲ್ಲಿ ಬರೆದ ಪತ್ರವನ್ನು ಆಡಳಿತ ನೀತಿ ಎಂದು ಕೊಂಡಾಡಬೇಡಿ. ಕೈಕುಲುಕುವಾಗ ಹಾಹಿ ಅಮೆರಿಕದ ಭೂಗತ ದೊರೆ ಅಲ್ ಕಪೋನ್‌ನ ಮಾತನ್ನು ನೆನೆದು, ನಿಮ್ಮೊಂದಿಗೆ ವ್ಯವಹಾರ ಮಾಡಿ ಸಂತೋಷವಾಯಿತು ಎಂದರಂತೆ. ತಮಾಷೆಗೆ ಹೇಳಿದ್ದೇ ಇರಬಹುದು. ಆದರೂ ಅವರು ಆ ಪತ್ರವನ್ನು ಹೇಗೆ ಕಂಡಿದ್ದರು ಎಂಬುದು ಅದರಲ್ಲೇ ಇದೆ.

ಐರ್ಲೆಂಡಿನ ಚುನಾವಣಾ ಪದ್ಧತಿ ಈ ಚಟಕ್ಕೆ ನೀರೆರೆಯುತ್ತದೆ. ನಮ್ಮ ರಾಜ್ಯಸಭೆಗೆ ಶಾಸಕರು ಮತ ಹಾಕುವ ಹಾಗೆ ಅಲ್ಲಿ ಸಾಮಾನ್ಯ ಮತದಾರರೇ 1, 2, 3 ಎಂದು ಪ್ರಾಶಸ್ತ್ಯ ಗುರುತಿಸುತ್ತಾರೆ. ಐದು ಸ್ಥಾನಗಳ ಕ್ಷೇತ್ರದಲ್ಲಿ ಆರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಮತ ದಕ್ಕಿದರೆ ಗೆಲುವು ಖಚಿತ. ಇದರಿಂದ ಗ್ರೆಗರಿಯಂಥವರಿಗೆ ಬಾಗಿಲು ತೆರೆಯುತ್ತದೆ, ಅದು ಒಳ್ಳೆಯದೇ. ಆದರೆ ಒಂದು ಮೂಲೆಯನ್ನು ಮೆಚ್ಚಿಸಿದರೆ ಸಾಕು ಎನ್ನುವವರಿಗೂ ಅದೇ ಬಾಗಿಲು. 1997ರಲ್ಲಿ ಬರ್ಟಿ ಅಹರ್ನ್ ಅವರ ಅಲ್ಪಮತದ ಸರ್ಕಾರ ದಕ್ಷಿಣ ಕೆರಿಯ ಜ್ಯಾಕಿ ಹೀಲಿ-ರೇ ಮೊದಲಾದ ಪಕ್ಷೇತರರ ಮೇಲೆ ನಿಂತಿತು. 2007ರಲ್ಲಿ ಮತ್ತೆ ಪಕ್ಷೇತರರೊಡನೆ ಮಾತುಕತೆ. 2025ರ ಜನವರಿಯಲ್ಲಿ ಫಿಯಾನ ಫಾಲ್ ಮತ್ತು ಫಿನೆ ಗೇಲ್ ಒಟ್ಟಿಗೆ ಕುಳಿತಾಗಲೂ ಮೈಕೆಲ್ ಲೌರಿಯವರ ಪ್ರಾದೇಶಿಕ ಪಕ್ಷೇತರ ಗುಂಪಿನ ನೆರವು ಬೇಕಾಯಿತು. ಈ ಸಲ ಕಿರಿಯ ಸಚಿವ ಸ್ಥಾನಗಳೂ ಹಂಚಿಕೆಯಾದವು. ಗ್ರೆಗರಿ ಸದನದಲ್ಲಿ ಓದಿದ ಪತ್ರದ ಮಾದರಿಯನ್ನು ಯಾರೂ ಅನುಸರಿಸಲಿಲ್ಲ, ಚೌಕಾಶಿಯ ಮಾದರಿಯನ್ನು ಮಾತ್ರ ಕಲಿತುಕೊಂಡರು.

ಇಷ್ಟಾಗಿ, ಸಮ್ಮರ್‌ಹಿಲ್‌ಗೆ ದಕ್ಕಿದ್ದೇನು? ಹಾಹಿ ಸರ್ಕಾರ 1982ರ ನವೆಂಬರ್‌ನಲ್ಲೇ ಅವಿಶ್ವಾಸಕ್ಕೆ ಬಿದ್ದಿತು. ಡಿಸೆಂಬರ್‌ನಲ್ಲಿ ಫಿಟ್ಜ್‌ಜೆರಾಲ್ಡರು ಲೇಬರ್ ಜೊತೆ ಸೇರಿ ಬಂದರು. ಹಾಹಿ ಹಾಕಿದ ಸಹಿ ಅವರನ್ನು ಕಟ್ಟಿಹಾಕಲಿಲ್ಲ. ಭರವಸೆಗಳಲ್ಲಿ ಅನೇಕವು ಕಾಗದದಲ್ಲೇ ಉಳಿದವು. ಗ್ರೆಗರಿ 2009ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಪ್ರತಿ ಚುನಾವಣೆಯಲ್ಲಿ ಗೆಲ್ಲುತ್ತಲೇ ಹೋದರು, ಆದರೆ ಅಂಥ ಒಪ್ಪಂದ ಮತ್ತೆಂದೂ ಅವರ ಕೈಗೆ ಬರಲಿಲ್ಲ.

ಹೋಲಿಕೆಗೆ ಅಲ್ಲೇ ಪಕ್ಕದ ಬಂದರು ಕಟ್ಟೆಯನ್ನು ನೋಡಿ. 1986ರ ನಗರ ಪುನರುಜ್ಜೀವನ ಕಾಯ್ದೆಯಡಿ ಕಸ್ಟಮ್ ಹೌಸ್ ಡಾಕ್ಸ್ ಪ್ರದೇಶಕ್ಕೆಂದೇ ಒಂದು ಪ್ರಾಧಿಕಾರ ರಚನೆಯಾಯಿತು. ಆಗ ಪ್ರಧಾನಿ ಫಿಟ್ಜ್‌ಜೆರಾಲ್ಡ್. ಮರುವರ್ಷ ಹಾಹಿ ಮರಳಿ ಬಂದು ಅದೇ ನೆಲದ ಮೇಲೆ ಅಂತರರಾಷ್ಟ್ರೀಯ ಹಣಕಾಸು ಕೇಂದ್ರಕ್ಕೆ ಚಾಲನೆ ಕೊಟ್ಟರು. ಕಾಯ್ದೆಯ ಬಲವಿತ್ತು, ತೆರಿಗೆ ರಿಯಾಯಿತಿಯ ಆಸರೆಯಿತ್ತು, ಎರಡೂ ದೊಡ್ಡ ಪಕ್ಷಗಳಿಗೆ ಅದು ಬೇಕಿತ್ತು. ಆದ್ದರಿಂದ ಸರ್ಕಾರ ಬದಲಾದರೂ ಗಾಜಿನ ಕಟ್ಟಡಗಳು ಏಳುತ್ತಲೇ ಹೋದವು. ಕೂಗಳತೆಯಲ್ಲಿದ್ದ ಸಮ್ಮರ್‌ಹಿಲ್‌ನ ಮನೆಗಳ ಪರ ಇದ್ದದ್ದು ಒಬ್ಬ ಸದಸ್ಯನ ಮತ, ಅದೂ ಒಂದು ಸರ್ಕಾರದ ಆಯಸ್ಸಿನಷ್ಟು ಕಾಲ.